ಅಡುಗೆಮನೆಯಿಂದ ಕೇಳಿದ ಮೋಟರು

ಅವತ್ತು ಮಂಗಳವಾರ. ಅವರೆಕಾಯಿ ಆಗಷ್ಟೇ ಬರತೊಡಗಿತ್ತು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಕಾಯಿ ಬಿಡಿಸುತ್ತಿದ್ದೆ. ಮುಂದೆ ಅಂಗಡಿಯ ಬಾಗಿಲಲ್ಲಿ ನನ್ನ ಗಂಡ ಕಬ್ಬಿಣದ ಡ್ರಮ್ಮಿಗೆ ನೀರು ತುಂಬಿಸಿ, ಅದರ ಅಂಚಿಗೆ ಬಿಗಿದ ಹಲಗೆಗೆ ದೋಣಿಯ ಮೋಟರನ್ನು ಸಿಕ್ಕಿಸಿ, ಹಗ್ಗ ಎಳೆದು ಓಡಿಸುತ್ತಿದ್ದರು.

ಸುಂಕದಕಟ್ಟೆಯಲ್ಲಿ ದೋಣಿಯ ಮೋಟರೇ ಎಂದು ಕೇಳಿದವರು ನಗುತ್ತಿದ್ದರು. ನಮ್ಮ ಬೀದಿಗೆ ನೀರು ಬರುವುದೇ ಟ್ಯಾಂಕರಿನಲ್ಲಿ. ಆದರೆ ಮಾಗಡಿ ರಸ್ತೆ ಹಿಡಿದು ಊರು ದಾಟಿ ಹೋದರೆ ಕೆರೆಗಳಿವೆ, ಮೀನಿನ ಗುತ್ತಿಗೆ ಹಿಡಿದವರಿದ್ದಾರೆ, ಅವರಲ್ಲಿ ಒಬ್ಬಿಬ್ಬರ ದೋಣಿಗೆ ಮೋಟರೂ ಇದೆ. ನಮ್ಮ ಮನೆಯವರ ದಿನದ ಕೆಲಸ ಪಂಪ್‌ಸೆಟ್ಟು, ಜನರೇಟರು, ಔಷಧಿ ಹೊಡೆಯುವ ಮಷಿನ್ನು. ದೋಣಿಯ ಮೋಟರು ವರ್ಷಕ್ಕೆ ಒಂದೋ ಎರಡೋ. ಅದು ಬಂತೆಂದರೆ ಊಟಕ್ಕೆ ಮೂರು ಸಲ ಕೂಗಬೇಕಿತ್ತು.

"ಲೇ, ಕೇಳ್ತಾ ಇದೀಯಾ?" ಎಂದು ಮುಂದಿನಿಂದ ಕೂಗಿದರು.

"ಕೇಳ್ತಾ ಇದೀನಿ ರೀ. ನೀವು ಕೂಗೋದು ನಿಲ್ಸಿದ್ರೆ ಮೋಟರೂ ಕೇಳ್ಸತ್ತೆ."

ಇದು ನಮ್ಮ ಮನೆಯ ಪದ್ಧತಿ. ನಮ್ಮದು ರೈಲಿನ ಡಬ್ಬಿಯಂಥ ಮನೆ. ಮುಂದೆ ಅಂಗಡಿ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಯಾವ ಇಂಜಿನ್ನು ರಿಪೇರಿಯಾದರೂ ಕೊನೆಗೆ ನಾನು ಅಡುಗೆಮನೆಯಲ್ಲಿ ಕೂತು ಕೇಳಿ ಸರಿಯಿದೆ ಅನ್ನಬೇಕು. ಮದುವೆಯಾದ ಹೊಸದರಲ್ಲೇ ಅವರು ಹೇಳಿದ್ದರು: "ಹತ್ತಿರ ನಿಂತವನಿಗೆ ಬರೀ ಗಲಾಟೆ ಕೇಳುತ್ತೆ ಕಣೇ, ಸದ್ದು ಕೇಳಲ್ಲ. ಎರಡು ಗೋಡೆ ದಾಟಿ ಬಂದಿದ್ದೇ ನಿಜವಾದ ಸದ್ದು." ನಾನು ಹತ್ತನೇ ತರಗತಿವರೆಗೆ ಓದಿದವಳು. ಇಂಜಿನ್ನಿನ ಒಳಗೆ ಏನೇನಿದೆ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಆದರೆ ಮೂವತ್ತು ವರ್ಷ ಕೇಳಿದ ಮೇಲೆ, ಓಡುತ್ತಿರುವ ಇಂಜಿನ್ನು ಎಲ್ಲಿ ತಡವರಿಸಿತು ಎಂದು ಹೇಳಬಲ್ಲೆ.

ಅವತ್ತು ಒಂದು ಗಂಟೆಗೂ ಹೆಚ್ಚು ಓಡಿಸಿದರು. ಬೀದಿಯೆಲ್ಲ ಹೊಗೆ. ಮೇಲಿನ ಮನೆಯ ಹೆಂಗಸು ಬಾಲ್ಕನಿಯಿಂದ ಬಗ್ಗಿ, "ಅಂಕಲ್, ಒಗೆದ ಬಟ್ಟೆ ಎಲ್ಲ ಪೆಟ್ರೋಲ್ ವಾಸನೆ ಹೊಡೀತಿದೆ!" ಎಂದಳು.

"ಹಾಗಾದ್ರೆ ಇವತ್ತು ಒಲೆ ಹತ್ತಿರ ಹೋಗ್ಬೇಡಮ್ಮ. ಯಜಮಾನ್ರಿಗೆ ಅಡುಗೆ ಮಾಡೋಕೆ ಹೇಳು," ಎಂದರು ಇವರು. ಅವಳು ನಕ್ಕು ಒಳಗೆ ಹೋದದ್ದು ನನಗೆ ಕೇಳಿಸಿತು.

ಮೋಟರು ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. "ಸದ್ದು ಎಲ್ಲಾದ್ರೂ ಬಿತ್ತಾ?"

"ಎಲ್ಲೂ ಬೀಳ್ಲಿಲ್ಲ. ಒಂದೇ ಸಮ ಇತ್ತು."

"ನಿಜವಾಗ್ಲೂ ಕೇಳಿದ್ಯಾ, ಇಲ್ಲ ಕಾಯಿ ಬಿಡಿಸ್ತಾ ತೂಕಡಿಸಿದ್ಯಾ?"

"ನಿಮ್ಮ ಮೋಟರ್ ಪಕ್ಕದಲ್ಲಿ ತೂಕಡಿಸೋಕೆ ನಾನೇನು ಕಿವುಡೀನಾ?"

ಅವರು ಮೊರದಿಂದ ನಾಲ್ಕು ಅವರೆಕಾಳು ಎತ್ತಿ ಹಸಿಯಾಗಿಯೇ ಬಾಯಿಗೆ ಹಾಕಿಕೊಂಡರು. "ಇಲ್ಲಿ ಒಂದೇ ಸಮ ಇರುತ್ತೆ. ಕೆರೆಗೆ ಹೋದ್ರೆ ಹತ್ತು ನಿಮಿಷಕ್ಕೆ ಶಕ್ತಿ ಇಳಿದುಹೋಗುತ್ತೆ. ನಾಳೆ ನಾನೇ ಹೋಗಿ ನೋಡ್ತೀನಿ," ಎಂದರು. ಸಾರು, ಮುದ್ದೆ ಉಂಡರು. ಹಗ್ಗ ಎಳೆದೂ ಎಳೆದೂ ಎದೆ ಹಿಡಿದ ಹಾಗಿದೆ ಎಂದರು. ನಾನು ಜೀರಿಗೆ ಕುದಿಸಿ ಕೊಟ್ಟೆ. ಕುಡಿದು, ಈಗ ಹಗುರಾಯಿತು ಎಂದರು. ನಾನು ಲೋಟ ತೊಳೆದಿಟ್ಟೆ. ಅಷ್ಟೇ ಆ ದಿನ.

ಆ ಮೋಟರಿನ ವಿಷಯ ಸ್ವಲ್ಪ ಹಿಂದಿನಿಂದ ಹೇಳಬೇಕು.

ಅದು ಹಳೆಯದು. ದೋಣಿಯ ಹಿಂಬದಿಗೆ ನೇತುಹಾಕುವಂಥದ್ದು, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವಂಥದ್ದು. ಕೆರೆಯ ಗುತ್ತಿಗೆದಾರ ಅದನ್ನು ಕರಾವಳಿಯ ಕಡೆಯಿಂದ ಸೆಕೆಂಡ್ ಹ್ಯಾಂಡಿಗೆ ತಂದಿದ್ದ. ಅವನು ನಮ್ಮ ಮನೆಯವರನ್ನು ಅಣ್ಣ ಅನ್ನುತ್ತಿದ್ದ, ನನ್ನನ್ನು ಅಕ್ಕ. ನಲವತ್ತು ದಾಟಿದ, ಮಾತು ಜಾಸ್ತಿಯ, ಒಳ್ಳೆಯ ಮನುಷ್ಯ. ಆಯುಧ ಪೂಜೆಗೆ ಒಂದು ವಾರ ಮುಂಚೆ ಮೋಟರನ್ನೂ ಅದರ ಕೆಂಪು ಪೆಟ್ರೋಲ್ ಟ್ಯಾಂಕನ್ನೂ ಸರ್ವೀಸಿಗೆಂದು ತಂದು ಬಿಟ್ಟುಹೋದ. ಈ ಮೋಟರಿಗೆ ಟ್ಯಾಂಕು ಬೇರೆಯಾಗಿಯೇ ಇರುತ್ತದೆ. ದೋಣಿಯ ತಳದಲ್ಲಿಟ್ಟು ಕೊಳವೆಯಲ್ಲಿ ಮೋಟರಿಗೆ ಸೇರಿಸುತ್ತಾರೆ.

ಪೂಜೆಯ ದಿನ ಅಂಗಡಿ ತೊಳೆದೆವು. ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿದೆವು. ನಾವು ದಾವಣಗೆರೆ ಕಡೆಯವರು, ಲಿಂಗ ಕಟ್ಟಿದವರು. ಬೀದಿಯ ಉಳಿದ ಅಂಗಡಿಗಳಲ್ಲಿ ಅರಿಶಿನ ಕುಂಕುಮ, ನಮ್ಮಲ್ಲಿ ಮೊದಲು ವಿಭೂತಿ. ಪ್ರತಿ ವರ್ಷ ಅದನ್ನು ಹಚ್ಚುವವಳು ನಾನೇ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು ಮಷಿನ್ನಿಗೆ ಮೂರು ಬೆರಳು ಎಳೆಯುತ್ತಿದ್ದೆ. ಎಳೆಯುವ ಮುಂಚೆ ಪ್ರತಿಯೊಂದಕ್ಕೂ ಹಣೆ ಯಾವುದು ಎಂದು ಹುಡುಕುವುದು ನನ್ನ ಅಭ್ಯಾಸ. ಪಂಪಿಗೆ ಇದು ಹಣೆ, ಜನರೇಟರಿಗೆ ಇದು ಎಂದು. ನಮ್ಮ ಮನೆಯವರು ಬೆಂಚಿನ ಮೇಲೆ ಕೂತು, "ಸ್ಕ್ರೂಡ್ರೈವರ್‌ಗೆ ಹಣೆ ಎಲ್ಲಿದೆ ನೋಡೇ, ಪಾಪ, ಅದು ಕಾಯ್ತಾ ಇದೆ" ಎಂದು ರೇಗಿಸುತ್ತಿದ್ದರು.

ಕೆಂಪು ಟ್ಯಾಂಕಿಗೆ ಹಣೆಯೆಂದು ನನಗೆ ಕಂಡದ್ದು ಅದರ ಮುಚ್ಚಳ. ಮುಚ್ಚಳದ ಮೇಲೆ ವಿಭೂತಿಯನ್ನು ಸ್ವಲ್ಪ ದಪ್ಪಗೆ ಬಳಿದು, ಒದ್ದೆ ಇರುವಾಗಲೇ ಒಂದು ಸೇವಂತಿಗೆ ಒತ್ತಿದೆ. ಹೂ ಚೆನ್ನಾಗಿ ಕೂತಿತು. ಕೆಂಪಿನ ಮೇಲೆ ಬಿಳಿ, ಬಿಳಿಯ ಮೇಲೆ ಹಳದಿ. ವಿಜಯನಗರದಿಂದ ಬಂದಿದ್ದ ಮಗಳು ಅದರ ಫೋಟೋ ತೆಗೆದಳು. ಪೂಜೆಯ ಗುರುತನ್ನು ನಮ್ಮಲ್ಲಿ ಯಾರೂ ಒರೆಸುವುದಿಲ್ಲ. ಅದು ತಾನಾಗಿಯೇ ಹೋಗಬೇಕು.

ಗುತ್ತಿಗೆದಾರ ಮೋಟರು, ಟ್ಯಾಂಕು ತೆಗೆದುಕೊಂಡು ಹೋದ. ನಾಲ್ಕು ದಿನಕ್ಕೆ ಫೋನು ಬಂತು. ಫೋನನ್ನು ಸ್ಪೀಕರಿಗೆ ಹಾಕಿ ಕೆಲಸ ಮಾಡುವುದು ನಮ್ಮ ಮನೆಯವರ ರೂಢಿ, ಹಾಗಾಗಿ ನನಗೂ ಕೇಳಿಸಿತು.

"ಅಣ್ಣ, ಹತ್ತು ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ಉಪವಾಸ ಇದ್ದೋನ್ ತರ ಸೊರಗುತ್ತೆ. ನಿಲ್ಸಿ ಒಂದು ಬೀಡಿ ಸೇದಿ ಎಳುದ್ರೆ ಮತ್ತೆ ಹತ್ತು ನಿಮಿಷ."

"ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಸಡಿಲ ಮಾಡಿದೀಯಾ?"

"ಮಾಡಿದೀನಿ ಅಣ್ಣ. ಅಷ್ಟೂ ಗೊತ್ತಿಲ್ವಾ ನಂಗೆ?"

"ಹಾಗಾದ್ರೆ ಬಿಸಿ ಆಗ್ತಾ ಇರ್ಬೇಕು. ಮೋಟರ್ ತಗೊಂಡು ಬಾ."

"ಟ್ಯಾಂಕು?"

"ಡಬ್ಬಕ್ಕೇನು ರೋಗ? ಅದು ಅಲ್ಲೇ ಇರ್ಲಿ."

ಈ ಕೊನೆಯ ಮಾತನ್ನು ಆಮೇಲೆ ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಮೋಟರು ಮಾತ್ರ ಬಂತು. ಬಿಸಿಯಾದರೆ ಶಕ್ತಿ ಇಳಿಯುತ್ತದೆ, ತಣಿದರೆ ಮತ್ತೆ ಬರುತ್ತದೆ, ಹಾಗಾಗಿ ಮೊದಲು ನೀರು ಎಳೆದುಕೊಂಡು ತಣಿಸುವ ಪಂಪು ಬಿಚ್ಚಿದರು. ಒಳಗಿನ ರಬ್ಬರಿನ ಚಕ್ರ ಹೊಸದು ಹಾಕಿದರು. ಡ್ರಮ್ಮಿನಲ್ಲಿಟ್ಟು, ಅಂಗಡಿಯಲ್ಲೇ ಇದ್ದ ನಮ್ಮ ಟ್ಯಾಂಕಿಗೆ ಕೊಳವೆ ಸಿಕ್ಕಿಸಿ ಓಡಿಸಿದರು. ನಾನು ಹಿಂದೆ ಕೂತು ಕೇಳಿದೆ. ಸರಿಯಾಗಿತ್ತು. ಕೆರೆಗೆ ಹೋಯಿತು, ಮತ್ತೆ ಅದೇ ದೂರು. ಎರಡನೇ ಸಲ ಕಾರ್ಬೊರೇಟರ್ ಬಿಚ್ಚಿ ಸೂಜಿಯಷ್ಟು ತೂತುಗಳನ್ನೆಲ್ಲ ತಂತಿ ಹಾಕಿ ತೆಗೆದರು, ಪ್ಲಗ್ಗು ಬದಲಿಸಿದರು, ಒಳಗೆ ಒತ್ತಡ ಸರಿಯಿದೆಯೇ ಎಂದು ಗೇಜು ಇಟ್ಟು ನೋಡಿದರು. ಮತ್ತೆ ಡ್ರಮ್ಮು, ಮತ್ತೆ ನಮ್ಮ ಟ್ಯಾಂಕು, ಮತ್ತೆ ನಾನು ಸರಿ ಎಂದೆ. ಗುತ್ತಿಗೆದಾರ ಲಗೇಜ್ ಆಟೋಗೆ ಹೇರಿಕೊಳ್ಳುತ್ತ, "ಅಣ್ಣ, ಇದು ನಿಮ್ಮ ಮುಂದೆ ಹೊಸ ಸೊಸೆ ತರ ತಲೆ ಬಗ್ಸುತ್ತೆ. ನೀರಿಗಿಳಿದ್ರೆ ಅತ್ತೆ ಆಗುತ್ತೆ" ಎಂದ. ನಮ್ಮ ಮನೆಯವರು ನಗಲಿಲ್ಲ. ಒಂದೇ ಕೆಲಸ ಮೂರನೇ ಸಲ ಅಂಗಡಿಗೆ ಬಂದದ್ದು ಅವರ ಬದುಕಿನಲ್ಲಿ ಅದೇ ಮೊದಲು. ಆ ಮೂರನೇ ಸಲದ್ದೇ ಅವರೆಕಾಯಿಯ ಮಂಗಳವಾರ.

ಬುಧವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಲಗೇಜ್ ಆಟೋದಲ್ಲಿ ಡ್ರೈವರಿನ ಪಕ್ಕ ಕೂತು ಹೋದರು. ಕೈ ಒರೆಸಲು ಬಟ್ಟೆ ಬೇಕೆಂದರು. ನನ್ನ ಹಳೆಯ ಹಸಿರು ಸೀರೆಯೊಂದನ್ನು ಹರಿದು ಹರಿದು ಕೊಡುತ್ತಿದ್ದೆ, ಅದರದೇ ಒಂದು ತುಂಡು ಕೊಟ್ಟೆ. ಜೇಬಿಗೆ ತುರುಕಿಕೊಂಡರು.

ಮಧ್ಯಾಹ್ನ ಗುತ್ತಿಗೆದಾರನ ಫೋನು ಬಂತು. "ಅಕ್ಕ, ಅಣ್ಣ ಮಾತಾಡ್ತಾ ಇಲ್ಲ" ಎಂದ. ಅವನ ದನಿಯ ಹಿಂದೆ ಯಾರೋ ಗಾಡಿ ಗಾಡಿ ಎಂದು ಕೂಗುತ್ತಿದ್ದರು. ನಾನೂ ಮಗಳೂ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆಗಿಹೋಗಿತ್ತು. ಹೃದಯ ಬಹಳ ದಿನದಿಂದಲೇ ಸೋತಿತ್ತು, ಮನೆಯಲ್ಲಿದ್ದರೂ ಆಗಬಹುದಿತ್ತು ಎಂದರು ಡಾಕ್ಟರು. ಬಟ್ಟೆಗಳನ್ನು ಒಂದು ಕವರಿನಲ್ಲಿ ಕೊಟ್ಟರು. ಅಂಗಿಯ ಜೇಬಿನಲ್ಲಿ ಒಂದು ಹಳೆಯ ಪ್ಲಗ್ಗು, ಕನ್ನಡಕ. ಬೇರೇನೂ ಇರಲಿಲ್ಲ.

ನಮ್ಮವರ ರುದ್ರಭೂಮಿಯಲ್ಲಿ ಮಣ್ಣು ಮಾಡಿದೆವು. ಹನ್ನೊಂದನೇ ದಿನ ಶಿವಗಣಾರಾಧನೆ. ಗುತ್ತಿಗೆದಾರನೂ ಬಂದು ತಲೆ ತಗ್ಗಿಸಿಕೊಂಡು ಕೊನೆಯ ಪಂಕ್ತಿಯಲ್ಲಿ ಕೂತಿದ್ದ. ನಡೆದದ್ದನ್ನು ಅವನು ಎಲ್ಲರಿಗೂ ಇಷ್ಟೇ ಹೇಳಿದ್ದ: ಅಣ್ಣ ಒಬ್ಬರೇ ದೋಣಿ ತೆಗೆದುಕೊಂಡು ಹೋದರು, ನಡುಗೆರೆಯಲ್ಲಿ ಮೋಟರು ಸೊರಗಿ ನಿಂತಿತು, ಗಾಳಿ ಎದುರಿತ್ತು, ತುಂಬ ಹೊತ್ತು ಹುಟ್ಟು ಹಾಕಿದರು.

ನನ್ನ ಮೈದುನ ಊಟದ ಎಲೆಯ ಮುಂದೆ ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅಣ್ಣಂಗೆ ಕೈ ಸೋತಿತ್ತು ಅತ್ತಿಗೆ. ಮೂರು ಸಲ ಬಿಚ್ಚಿದ್ರೂ ಏನು ಕೆಟ್ಟಿದೆ ಅಂತ ಸಿಗ್ಲಿಲ್ಲ ಅಂದ್ರೆ ಇನ್ನೇನು? ಒಪ್ಕೊಂಡು ವಾಪಸ್ ಕೊಟ್ಟಿದ್ರೆ ಇವತ್ತು ಇರ್ತಿದ್ದ. ಅವನ ರಿಪೇರೀನೇ ಅವನನ್ನ ತಿಂತು."

ಅವನಿಗೂ ದುಃಖ, ನನಗೆ ಗೊತ್ತು. ಆದರೆ ಆ ಮಾತು ನನ್ನಲ್ಲಿ ಉಳಿಯಿತು. ನಮ್ಮ ಮನೆಯವರಿಗೆ ಇದ್ದದ್ದು ಆ ಕೈಯೊಂದೇ. ಆಸ್ತಿಯಿಲ್ಲ, ಓದಿಲ್ಲ. ಅವರ ಕೊನೆಯ ಕೆಲಸ ಕೆಟ್ಟದ್ದೋ ಅಲ್ಲವೋ ಎಂಬುದನ್ನು ತಿಳಿಯದೆ ಆ ಅಂಗಡಿಯ ಬಾಗಿಲು ತೆಗೆಯುವುದು ನನಗೆ ಆಗಲಿಲ್ಲ. ಎರಡು ತಿಂಗಳು ಅದು ಮುಚ್ಚೇ ಇತ್ತು.

ಒಂದು ದಿನ ಗುತ್ತಿಗೆದಾರನೇ ಬಂದ. ಆಟೋದಲ್ಲಿ ಮೋಟರು ಇತ್ತು. "ಅಕ್ಕ, ಇದನ್ನ ಮುಟ್ಟೋಕೆ ಮನಸ್ಸಿಲ್ಲ. ಅವತ್ತಿಂದ ಓಡ್ಸಿಲ್ಲ. ನಿಮ್ಮಲ್ಲೇ ಇರ್ಲಿ, ಇಲ್ಲ ಗುಜರಿಗೆ ಹಾಕಿ," ಎಂದ.

ನಾನು ನೀರು ಕೊಟ್ಟು ಕೂರಿಸಿದೆ. ಕೇಳಬೇಕಾದದ್ದು ಏನೆಂದು ಆಗ ನನಗೆ ಹೊಳೆಯಿತು. ನಮ್ಮ ಮನೆಯವರಾಗಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದರು.

"ನೀನು ದೋಣಿಗೆ ಯಾಕೆ ಹತ್ತಲಿಲ್ಲ?"

"ಅಣ್ಣನೇ ಬೇಡ ಅಂದ್ರು ಅಕ್ಕ. 'ನೀನು ದಡದಲ್ಲಿ ನಿಂತು ಸದ್ದು ಕೇಳು, ಹತ್ತಿರ ಇದ್ರೆ ಕೇಳಲ್ಲ' ಅಂದ್ರು."

"ಸರಿ. ಸದ್ದು ಹೇಗಿತ್ತು ಹೇಳು. ಮೊದಲಿಂದ."

ಅವನು ಲೋಟ ಕೆಳಗಿಟ್ಟ. "ಮೊದಲು ಒಂದೇ ಸಮ. ಆಮೇಲೆ ಇಳೀತು. ನಿಂತೋಯ್ತು. ಅಣ್ಣ ಹಗ್ಗ ಎಳೆದ್ರು, ಹತ್ಲಿಲ್ಲ. ದೋಣಿ ಜೊಂಡಿನ ಕಡೆ ತೇಲ್ತಾ ಇತ್ತು, ಅದಕ್ಕೆ ಹುಟ್ಟು ಹಾಕಿದ್ರು. ತುಂಬಾ ಹೊತ್ತು. ಆಮೇಲೆ ಹುಟ್ಟು ಬಿಟ್ಟು ಬಗ್ಗಿದ್ರು, ಏನೋ ಮಾಡ್ತಾ ಇದ್ರು. ಆಮೇಲೆ ಎಳೆದ್ರು, ಹತ್ತಿಕೊಳ್ತು."

"ಹತ್ತಿಕೊಳ್ತಾ?"

"ಹೂಂ ಅಕ್ಕ. ಎಷ್ಟು ಚೆನ್ನಾಗಿ ಓಡ್ತು ಗೊತ್ತಾ. ಹತ್ತು ನಿಮಿಷ ದಾಟಿದ್ರೂ ಇಳೀಲೇ ಇಲ್ಲ. ನಾನು ದಡದಿಂದ 'ಆಯ್ತು ಅಣ್ಣ, ಆಯ್ತು' ಅಂತ ಕೂಗಿದೆ. ಅಣ್ಣ ಕೈ ಎತ್ತಿದ್ರು. ಆಮೇಲೆ ದೋಣಿ ತಿರುಗ್ಲಿಲ್ಲ. ನೆಟ್ಟಗೆ ಆ ದಡದ ಜೊಂಡಿಗೆ ನುಗ್ತು. ನಾನು ಕೆರೆ ಏರಿ ಸುತ್ತಿ ಓಡಿ, ನೀರಿಗಿಳಿದು ಹೋದಾಗ್ಲೂ ಮೋಟರ್ ಓಡ್ತಾನೇ ಇತ್ತು. ಅಣ್ಣ ಒರಗಿಕೊಂಡಿದ್ರು. ನಾನೇ ಮೋಟರ್ ನಿಲ್ಸಿದೆ."

"ಇದನ್ನ ಅವತ್ತು ಯಾಕೆ ಹೇಳ್ಲಿಲ್ಲ?"

"ಮೋಟರ್ ಚೆನ್ನಾಗಿ ಓಡ್ತು ಅಂತ ಸಾವಿನ ಮನೇಲಿ ಹೆಂಗ್ ಹೇಳ್ಲಿ ಅಕ್ಕ?"

ಕೆಂಗೇರಿಯಲ್ಲಿ ನಮ್ಮ ಮನೆಯವರ ಹಳೆಯ ಗೆಳೆಯರೊಬ್ಬರಿದ್ದಾರೆ. ಇಬ್ಬರೂ ಹರೆಯದಲ್ಲಿ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಒಟ್ಟಿಗೆ ಕೆಲಸ ಕಲಿತವರು. ಅವರೂ ಇಂಜಿನ್ನು ರಿಪೇರಿಯವರೇ. ನಾನು ಫೋನು ಮಾಡಿದೆ. ಮಾರನೆಯ ದಿನವೇ ಬಂದು, ಮುಚ್ಚಿದ ಶಟರ್ ಎತ್ತಿ ಒಳಗೆ ಬಂದರು. ಆಮೇಲೆ, "ಪಾಪಿ, ಹತ್ತೊಂಬತ್ತರ ಸ್ಪ್ಯಾನರ್ ನಂದು. ಇಪ್ಪತ್ತು ವರ್ಷದಿಂದ ಇಲ್ಲ ಅಂತಿದ್ದ," ಎಂದು ಗೋಡೆಯಿಂದ ಅದನ್ನು ತೆಗೆದರು. ತೆಗೆದವರು ಮತ್ತೆ ಅಲ್ಲೇ ನೇತುಹಾಕಿದರು.

ಅರ್ಧ ದಿನ ಮೋಟರನ್ನು ಬಿಚ್ಚಿ ನೋಡಿದರು. "ತಂಗಿ, ಇದರಲ್ಲಿ ಏನೂ ಕೆಟ್ಟಿಲ್ಲ. ಇದನ್ನ ಬಿಚ್ಚಿ ಮತ್ತೆ ಕಟ್ಟಿದ ಕೈಯಲ್ಲೂ ಏನೂ ಕೆಟ್ಟಿರಲಿಲ್ಲ," ಎಂದರು. "ಇದರ ಟ್ಯಾಂಕೆಲ್ಲಿ?"

ಗುತ್ತಿಗೆದಾರ ಕೆರೆಯಿಂದ ಟ್ಯಾಂಕು ತಂದುಕೊಟ್ಟ. ದೋಣಿಯಲ್ಲಿ ಅವತ್ತು ಹೇಗಿತ್ತೋ ಹಾಗೇ ಇದೆ, ನಾನು ಮುಟ್ಟಿಲ್ಲ ಎಂದ. ಅದಕ್ಕೆ ಮುಚ್ಚಳವಿರಲಿಲ್ಲ. ಬಾಯಿಗೆ ಸಡಿಲವಾಗಿ ಒಂದು ಬಟ್ಟೆ ತುರುಕಿತ್ತು. ಹಸಿರು ಬಟ್ಟೆ.  ಅದು ನನ್ನ ಸೀರೆ.

ಕೆಂಗೇರಿಯ ಅಣ್ಣ ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. "ಅವನಿಗೆ ಸಿಕ್ಕಿತ್ತು ತಂಗಿ," ಎಂದರು. ಆಮೇಲೆ ಬಿಡಿಸಿ ಹೇಳಿದರು. ಟ್ಯಾಂಕಿನಿಂದ ಪೆಟ್ರೋಲು ಹೊರಗೆ ಹೋದಷ್ಟೂ ಅದರ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಸಣ್ಣ ತೂತು, ಅದಕ್ಕೊಂದು ಸ್ಕ್ರೂ. ಗಾಳಿ ಬರದಿದ್ದರೆ ಟ್ಯಾಂಕು ಪೆಟ್ರೋಲನ್ನು ಹಿಡಿದುಕೊಳ್ಳುತ್ತದೆ, ಮೋಟರಿಗೆ ಎಳೆಯಲು ಆಗುವುದಿಲ್ಲ, ಶಕ್ತಿ ಇಳಿಯುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಎಲ್ಲಿಂದಲೋ ನುಸುಳಿ ಗಾಳಿ ಸೇರುತ್ತದೆ, ಮತ್ತೆ ಹತ್ತು ನಿಮಿಷ ಓಡುತ್ತದೆ. "ಇಲ್ಲಿ ನಿಮ್ಮ ಟ್ಯಾಂಕಲ್ಲಿ ಓಡ್ಸಿದಾನೆ, ಅದಕ್ಕೇ ಸಿಕ್ಕಿಲ್ಲ. ಅಲ್ಲಿ ಕೊಳವೇಲಿ ಪೆಟ್ರೋಲ್ ಒತ್ತೋಕೆ ಇರೋ ರಬ್ಬರ್ ಬಲ್ಬು ಚಪ್ಪಟೆ ಆಗಿರೋದು ನೋಡಿ ಗೊತ್ತಾಗಿರುತ್ತೆ. ಮುಚ್ಚಳ ಬಿಚ್ಚಿ ಬಟ್ಟೆ ತುರುಕಿದಾನೆ."

"ಸ್ಕ್ರೂ ಸಡಿಲ ಮಾಡಿದ್ದೆ ಸಾರ್. ತಾಯಾಣೆ," ಎಂದ ಗುತ್ತಿಗೆದಾರ.

"ಸ್ಕ್ರೂ ತೆಗೆದಿದ್ರೂ ತೂತಲ್ಲಿ ಏನಾದ್ರೂ ಕೂತಿರುತ್ತೆ. ಮಣ್ಣು ಗಿಣ್ಣು."

ನಾನು ಒಳಗೆ ಹೋಗಿ ಫೋನು ತಂದೆ. ಮಗಳು ಕಳಿಸಿದ್ದ ಫೋಟೋ ಹುಡುಕಿದೆ. ಕೊನೆಗೆ ಸಿಕ್ಕಿತು. ಕೆಂಪು ಟ್ಯಾಂಕು, ಬಿಳಿ ವಿಭೂತಿ, ಹಳದಿ ಸೇವಂತಿಗೆ. ಮುಚ್ಚಳದ ಸ್ಕ್ರೂ ಇರುವ ಜಾಗ ವಿಭೂತಿಯ ಕೆಳಗೆ ಪೂರ್ತಿ ಮುಚ್ಚಿಹೋಗಿತ್ತು. ಕೆಂಗೇರಿಯ ಅಣ್ಣ ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. 

"ಕಣಜದ ಹುಳ ಕೂಡ ಗೂಡು ಕಟ್ಟುತ್ತೆ ತಂಗಿ. ಇಂಥ ತೂತು ಅಂದ್ರೆ ಅದಕ್ಕೆ ಆಸೆ," ಎಂದರು.

"ವಿಭೂತಿ ಒಣಗಿದ್ರೆ ಹೇಗಾಗುತ್ತೆ ಅಣ್ಣ?"

 ನಾನು ಕೇಳಬೇಕಾಗಿಯೇ ಇರಲಿಲ್ಲ. ದೇವರ ಗೂಡಿನ ಬಟ್ಟಲಲ್ಲಿ ಒಣಗಿದ ವಿಭೂತಿಯನ್ನು ಪ್ರತಿ ಸೋಮವಾರ ಉಗುರಿನಲ್ಲಿ ಕೆರೆದು ತೆಗೆಯುವವಳು ನಾನೇ. ಸುಣ್ಣದ ಗಾರೆಯ ಹಾಗೆ ಹಿಡಿದಿರುತ್ತದೆ.

ನನಗೆ ಆ ಸದ್ದು ಕೇಳಬೇಕು ಎಂದೆ. ಅವರು ಹಳೆಯ ಸಾಮಾನುಗಳ ನಡುವಿನಿಂದ ಸರಿಹೊಂದುವ ಒಂದು ಮುಚ್ಚಳ ಹುಡುಕಿದರು. ಡ್ರಮ್ಮಿಗೆ ನೀರು ತುಂಬಿಸಿದರು. ಕೆಂಪು ಟ್ಯಾಂಕಿಗೆ ಕಂಠದವರೆಗೆ ಪೆಟ್ರೋಲು ಹಾಕಿ, ಗಾಳಿ ಹೋಗದ ಹಾಗೆ ಮುಚ್ಚಳದ ಸ್ಕ್ರೂ ಬಿಗಿಮಾಡಿ ಹಗ್ಗ ಎಳೆದರು. ನಾನು ಒಳಗೆ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ.

ಮೊದಲು ಒಂದೇ ಸಮ. ಎರಡು ಗೋಡೆ ದಾಟಿ ಬಂದ ಆ ಸದ್ದನ್ನು ನಾನು ಮೂರು ಸಲ ಸರಿ ಎಂದಿದ್ದೆ. ಆಮೇಲೆ ಅದು ನಡುವೆ ಒಮ್ಮೆ ಎಡವಿತು. ಸರಿಹೋಯಿತು. ಮತ್ತೆ ಎಡವಿತು. ಇಳಿಯತೊಡಗಿತು. ನಿಧಾನವಾಗಿ, ಮೆಟ್ಟಿಲು ಇಳಿದ ಹಾಗೆ.  ಇನ್ನೇನು ನಿಂತೇಹೋಗುತ್ತದೆ ಎನ್ನುವಾಗ ಮುಂದಿನಿಂದ ಕೆಂಗೇರಿಯ ಅಣ್ಣ ಕೂಗಿದರು: "ಬಿಚ್ತೀನಿ ತಂಗಿ!" ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಸದ್ದು ಎದ್ದಿತು. ಏರಿತು, ತುಂಬಿತು, ಒಂದೇ ಸಮ ನಿಂತಿತು.

ಅವತ್ತು ಕೆರೆಯ ಮೇಲೆ ಅವರ ಕಿವಿಗೆ ಬಿದ್ದದ್ದು ಇದೇ ಸದ್ದು. ಕೈ ಎತ್ತಿದ್ದು ಇದಕ್ಕೇ.

ಆ ವಾರ ಮೈದುನನಿಗೆ ನಾನೇ ಫೋನು ಮಾಡಿದೆ. "ನಿಮ್ಮಣ್ಣನ ರಿಪೇರಿಯಲ್ಲಿ ತಪ್ಪಿರಲಿಲ್ಲ. ಮುಚ್ಚಳದ ತೂತಿಗೆ ವಿಭೂತಿ ಬಳಿದಿದ್ದು ನಾನು. ಅದಕ್ಕೆ ಮೋಟರು ನಿಂತಿತು, ಅದಕ್ಕೆ ಅವರು ಹುಟ್ಟು ಹಾಕಿದರು. ಏನು ಕೆಟ್ಟಿದೆ ಅಂತ ಕೊನೆಗೆ ಅವರೇ ಹಿಡಿದರು," ಎಂದೆ.  "ಅತ್ತಿಗೆ, ಅದನ್ನೆಲ್ಲ ಯಾರಿಗೂ ಹೇಳ್ಬೇಡಿ," ಎಂದ. ನಾನು ಎಲ್ಲರಿಗೂ ಹೇಳಿದೆ. ಹೇಳದಿದ್ದರೆ ಅವರ ಕೈ ಸೋತಿತ್ತು ಎಂಬ ಮಾತು ಹಾಗೇ ಉಳಿಯುತ್ತಿತ್ತು.

ಗುತ್ತಿಗೆದಾರ ಮಾತ್ರ ತಿರುಗಿ ಕೇಳಿದ. "ಪೂಜೆ ಮಾಡಿದ್ದು ತಪ್ಪಾ ಅಕ್ಕ? ವಿಭೂತಿ ಮೆತ್ತಿರೋ ಮುಚ್ಚಳದ ಸ್ಕ್ರೂ ತಿರುಗಿಸಿದವನು ನಾನು. ನಂಗೆ ಕಾಣ್ಲಿಲ್ವಾ? ಡಬ್ಬ ಅಲ್ಲೇ ಇರ್ಲಿ ಅಂದಿದ್ದು ಅಣ್ಣ." ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ಅದರಿಂದ ನನ್ನ ಪಾಲು ಕಡಿಮೆಯಾದಂತೆ ನನಗೆ ಅನ್ನಿಸಲಿಲ್ಲ. ಮೋಟರನ್ನು ಅವನೇ ವಾಪಸು ಒಯ್ದ. ಬೇರೆ ಮುಚ್ಚಳದಲ್ಲಿ ಅದು ದಿನವೂ ಓಡುತ್ತಿದೆ, ಒಂದು ದಿನವೂ ಸೊರಗಿಲ್ಲ.

ನಾನು ಈಗ ಹಣೆಗೆ ವಿಭೂತಿ ಹಚ್ಚುತ್ತೇನೆ, ಹಚ್ಚದಿದ್ದರೆ ಮಗಳು ಅಳುತ್ತಾಳೆ. ಹಚ್ಚಿದ ಮೇಲೆ ಕೈಯನ್ನು ಎರಡು ಸಲ ತೊಳೆಯುತ್ತೇನೆ.

ನನಗೆ ಗೊತ್ತಾಗದೆ ಉಳಿದದ್ದು ಒಂದೇ. ಮುಚ್ಚಳವನ್ನು ಬಿಚ್ಚಿದಾಗ ಅವರು ಅದನ್ನು ತಿರುಗಿಸಿ ನೋಡಿಯೇ ನೋಡಿರುತ್ತಾರೆ. ತೂತಿನಲ್ಲಿ ಬಿಳಿಯದನ್ನು ಕಂಡಿರುತ್ತಾರೆ. ಅದು ಯಾರ ಬೆರಳೆಂದು ಅವರಿಗೆ ಗೊತ್ತಾಗದೆ ಇರುವುದಿಲ್ಲ. ನಕ್ಕರೋ, ಬೈದರೋ, ಮನೆಗೆ ಹೋಗಿ ರೇಗಿಸಬೇಕೆಂದು ಎತ್ತಿಟ್ಟುಕೊಳ್ಳಲು ನೋಡಿದರೋ. ಬಿಚ್ಚಿದ ಒಂದು ವಾಷರನ್ನೂ ಅವರು ಎಸೆದವರಲ್ಲ, ಎಲ್ಲವನ್ನೂ ತಟ್ಟೆಯಲ್ಲೋ ಜೇಬಲ್ಲೋ ಇಡುತ್ತಿದ್ದರು. ಜೇಬಿನಲ್ಲಿ ಅದು ಇರಲಿಲ್ಲ. ದೋಣಿಯಲ್ಲೂ ಇರಲಿಲ್ಲ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಗುತ್ತಿಗೆದಾರ ಆ ಜೊಂಡಿನ ಬುಡವನ್ನೆಲ್ಲ ಕೈಯಾಡಿಸಿ ಹುಡುಕಿದ. ಅವರ ಎಡಗಾಲಿನ ಚಪ್ಪಲಿ ಸಿಕ್ಕಿತು, ತೊಳೆದು ತಂದುಕೊಟ್ಟ.

ಮುಚ್ಚಳ ಸಿಕ್ಕಿಲ್ಲ.